ಬಣ್ಣವೂ ನೆನಪೂ



1988ರ ಮಾತು. ನಾನಾಗ ಪದವಿಪೂರ್ವ ತರಗತಿಗಳಿಗೆ ಕನ್ನಡ ಪಾಠ ಹೇಳುತ್ತಿದ್ದೆ. ಹದಿನಾರರ ಪ್ರಾಯದ ಹುಡುಗರಿಗೆ ಸಾಹಿತ್ಯಚರಿತ್ರೆ ನೆನಪಿನಲ್ಲಿ ನಿಲ್ಲಲೆಂದು ಒಂದು ಉಪಾಯ ಹೂಡಿದೆ. ಹತ್ತು ಕಾವ್ಯಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬೆರಕೆಯಾಗಿ ಬರೆದು, ಚಂಪೂ ಕಾವ್ಯಗಳಿಗೆ ಕೆಂಪು ಸೀಮೆಸುಣ್ಣವನ್ನೂ ಷಟ್ಪದಿ ಕಾವ್ಯಗಳಿಗೆ ಹಸಿರನ್ನೂ ಬಳಸಿದೆ. ತುಸು ಹೊತ್ತಿನ ಮೇಲೆ ಹಲಗೆ ಒರಸಿ ಕೇಳಿದರೆ ಬಹುಮಂದಿ ತಪ್ಪಿಲ್ಲದೆ ಹೇಳಿದರು. ಒಬ್ಬ ಹುಡುಗ ಮಾತ್ರ ಹೆಸರುಗಳನ್ನೆಲ್ಲ ಒಪ್ಪಿಸಿಯೂ, ಯಾವುದು ಚಂಪೂ, ಯಾವುದು ಷಟ್ಪದಿ ಎಂಬಲ್ಲಿ ತಡವರಿಸಿದ. “ನಿನಗೆ ಪಾಠದಲ್ಲಿ ಗಮನವಿಲ್ಲ” ಎಂದು ಎಲ್ಲರೆದುರು ಗದರಿದೆ. ಆ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ.

ಬಣ್ಣದಿಂದ ನೆನಪಿಗೆ ನೆರವಾಗುವುದೆಂಬ ನಂಬಿಕೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆಟ್ಸೊ ನಗರದಲ್ಲಿ ಗ್ವಿದೊ ಎಂಬ ಸಂನ್ಯಾಸಿ ಚರ್ಚಿನ ಬಾಲಕರಿಗೆ ಹಾಡು ಕಲಿಸುತ್ತಿದ್ದ. ಗುರು ಹಾಡಿದ್ದನ್ನು ಕೇಳಿ ಕೇಳಿ ಉರು ಹಾಕಬೇಕಾಗಿದ್ದ ಕಾಲ ಅದು. ಗ್ವಿದೊ ಸ್ವರಗಳನ್ನು ಗೆರೆಗಳ ಮೇಲೆ ಕೂರಿಸಿ, ಒಂದು ಸ್ವರದ ಗೆರೆಗೆ ಕೆಂಪನ್ನೂ ಇನ್ನೊಂದರ ಗೆರೆಗೆ ಹಳದಿಯನ್ನೂ ಕೊಟ್ಟ. ಹತ್ತು ವರ್ಷ ಹಿಡಿಯುತ್ತಿದ್ದ ವಿದ್ಯೆ ಒಂದೆರಡು ವರ್ಷಗಳಲ್ಲಿ ಕೈಗೂಡುವುದೆಂದು ತನ್ನ ಪತ್ರವೊಂದರಲ್ಲಿ ಬರೆದಿದ್ದಾನೆ. ಪೋಪ್ ಹತ್ತೊಂಬತ್ತನೆಯ ಜಾನ್ ಅವನನ್ನು ರೋಮಿಗೆ ಕರೆಸಿಕೊಂಡು, ತಾನೇ ಒಂದು ಚರಣವನ್ನು ಹಾಡಿ ನೋಡಿದನಂತೆ.

ನಮ್ಮಲ್ಲಿಯಾದರೋ, ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿದರೆ ಕಾಣುವುದು ಕಪ್ಪೊಂದೇ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಕಡತದ ಮೇಲೆ ಬಳಪದಿಂದ ಬರೆದರೆ ಕಾಣುವುದು ಬಿಳುಪೊಂದೇ. ಕಣ್ಣಿಗೆ ದೊರೆಯದ ಗುರುತನ್ನು ನಮ್ಮ ಹಳೆಯ ಕವಿಗಳು ಕಿವಿಗೆ ಕೊಟ್ಟರೆಂದು ನನಗೆ ತೋರುತ್ತದೆ. ಪಾದಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟರು. ಒಂದು ಪಾದ ನೆನಪಾದರೆ ಮುಂದಿನದು ತಾನಾಗಿ ನಾಲಗೆಗೆ ಬರುವುದು.

ನೆನಪನ್ನು ಅಳೆಯುವ ಶಾಸ್ತ್ರ ಹುಟ್ಟಿದ್ದು ಬಹಳ ತಡವಾಗಿ. 1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್, ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಉರು ಹೊಡೆದು, ಮರೆವಿನ ಲೆಕ್ಕವನ್ನು ಪ್ರಕಟಿಸಿದರು. 1933ರಲ್ಲಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ವಿದುಷಿ, ಒಂದೇ ಬಗೆಯ ಪಟ್ಟಿಯಲ್ಲಿ ಭಿನ್ನವಾದುದೊಂದು ಇದ್ದರೆ ಅದು ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದೆಂದು ತೋರಿಸಿದರು. ಕರಿಯ ಅಕ್ಷರಗಳ ನಡುವಣ ಕೆಂಪು ಪದ ಮನಸ್ಸಿಗೆ ನಾಟುವುದು ಈ ನ್ಯಾಯದಿಂದಲೇ. ಪುಟವೆಲ್ಲ ಕೆಂಪಾದರೆ ಆ ಗುಣ ಅಳಿಯಿತು. 1997ರಲ್ಲಿ ಅಮೆರಿಕದ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್, ಬಣ್ಣದ ಚೌಕಗಳನ್ನು ಕ್ಷಣಕಾಲ ತೋರಿಸಿ ಪರೀಕ್ಷಿಸಿದಾಗ, ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸುಮಾರು ನಾಲ್ಕನ್ನು ಮಾತ್ರವೆಂದು ಕಂಡಿತು. ಹದಿಹರೆಯದಲ್ಲಿ ಈ ಶಕ್ತಿ ಇನ್ನೂ ಬಲಿಯುತ್ತಿರುತ್ತದೆ. ಆದುದರಿಂದ ಮಿತಿಮೀರಿದ ಬಣ್ಣ ನೆರವಾಗುವ ಬದಲು ಹೊರೆಯಾದೀತು.

ಇನ್ನು ಆ ಹುಡುಗನ ವಿಷಯ. ಮುಂದಿನ ವಾರ ಅವನ ಕೈಗೆ ಸೀಮೆಸುಣ್ಣ ಕೊಟ್ಟು ಅದೇ ಪಟ್ಟಿಯನ್ನು ಬರೆಯಹೇಳಿದೆ. ಕೆಂಪಿನಲ್ಲಿ ಬರೆಯಬೇಕಾದುದನ್ನು ಹಸಿರಿನಲ್ಲಿ ಬರೆಯತೊಡಗಿದ. ತಡೆದು ಕೇಳಿದರೆ, “ಎರಡೂ ಒಂದೇ ಅಲ್ಲವೆ ಸಾರ್?” ಎಂದ.

ರಸಾಯನಶಾಸ್ತ್ರಜ್ಞ ಜಾನ್ ಡಾಲ್ಟನ್ 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಇದೇ ಬಗೆಯ ತಮ್ಮ ದೃಷ್ಟಿದೋಷವನ್ನು ಕುರಿತು ಪ್ರಬಂಧ ಓದಿದ್ದರು. ಹಗಲಿನಲ್ಲಿ ನೀಲಿಯಾಗಿ ಕಂಡ ಜೆರೇನಿಯಂ ಹೂವು 1792ರಲ್ಲೊಮ್ಮೆ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಾಣುವವರೆಗೂ, ತಮ್ಮ ಕಣ್ಣು ಇತರರ ಕಣ್ಣಿನಂತಲ್ಲವೆಂಬುದು ಅವರಿಗೇ ಖಚಿತವಾಗಿರಲಿಲ್ಲ. ಅಂಥ ವಿದ್ವಾಂಸರಿಗೇ ತಿಳಿಯದ್ದು ಹದಿನಾರರ ಹುಡುಗನಿಗೆ ತಿಳಿದೀತೆ? ಮರೆತವನು ಅವನಲ್ಲ, ನೆನಪಿಡಬೇಕಾದ ಗುರುತನ್ನೇ ನಾನು ಅವನಿಗೆ ಕೊಟ್ಟಿರಲಿಲ್ಲ.

ಅಂದಿನಿಂದ ಬಣ್ಣದ ಸೀಮೆಸುಣ್ಣವನ್ನು ಬಿಡಲಿಲ್ಲ. ಆದರೆ ಪ್ರತಿ ಹೆಸರಿನ ಪಕ್ಕದಲ್ಲಿ ‘ಚಂ’ ಎಂದೋ ‘ಷ’ ಎಂದೋ ಒಂದಕ್ಷರ ಬರೆಯುತ್ತಿದ್ದೆ. ಹುಡುಗನ ಕ್ಷಮೆಯನ್ನೂ ಕೇಳಿದೆ. ಗದರಿದ್ದು ಎಲ್ಲರೆದುರು, ಕ್ಷಮೆ ಕೇಳಿದ್ದು ಮಾತ್ರ ಅಧ್ಯಾಪಕರ ಕೋಣೆಯಲ್ಲಿ, ಮತ್ತಾರೂ ಇಲ್ಲದಾಗ. ಅದೊಂದು ಬಾಕಿ ಉಳಿದಿದೆ. ಅದನ್ನು ಈ ಹೊತ್ತು ನಿಮ್ಮೆಲ್ಲರೆದುರು ತೀರಿಸುತ್ತಿದ್ದೇನೆ.