ಕೈಗವಸು ಹುಟ್ಟಿದ ಕಥೆ



ಕೈ ಕೆಸರಾದರೆ ಬಾಯಿ ಮೊಸರು ಅಂತೀವಿ. ನಿಜವೇ. ಆದರೆ ಆ ಕೈಯೇ ಕೆಂಪಗಾಗಿ, ಬಿರುಕು ಬಿಟ್ಟು, ನವೆ ಎದ್ದರೆ? ತುತ್ತು ಕಲಸೋದೂ ಕಷ್ಟ. ಅಂಥ ಕೈಯ ಒಬ್ಬ ಹೆಣ್ಣುಮಗಳ ಕಥೆ ಕೇಳಿ.

ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿಯ ಶಸ್ತ್ರಚಿಕಿತ್ಸೆಯ ಕೊಠಡಿಗೆ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬಾಕೆ ಮುಖ್ಯ ದಾದಿ. ರೋಗಾಣು ಸಾಯಲೆಂದು ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ಲವಣ ಕರಗಿಸಿದ ನೀರಿನಲ್ಲಿ ಕೈ ಅದ್ದಬೇಕಾಗಿತ್ತು. ಆ ಮದ್ದು ಆಕೆಯ ಚರ್ಮವನ್ನೂ ಕೆಡಿಸಿತು. ಆಗ ವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ, ತೆಳು ರಬ್ಬರಿನ ಎರಡು ಜೊತೆ ಗವಸು ಮಾಡಿಸಿಕೊಟ್ಟರು. 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು!

ಗವಸು ಗಾಯ ಮಾಗಿಸಿತೇ? ಇಲ್ಲ. ವಿಷದ ನೀರನ್ನು ತಡೆಯಿತು, ಅಷ್ಟೆ. ಮಾಗುವ ಕೆಲಸ ಚರ್ಮದ್ದು. ನಮ್ಮ ಚರ್ಮದ ಮೇಲುಪದರ ಹೊಲದ ಬದುವಿದ್ದಂತೆ, ಅದರ ಜಿಡ್ಡು ಒಳಗಿನ ತೇವ ಕಾಯುತ್ತದೆ. ಸೋಪು, ಔಷಧಿಗಳು ಆ ಬದುವನ್ನು ಒಡೆಯುತ್ತವೆ. ಒಡೆದ ಬದುವಿಗೆ ಮತ್ತೆ ಮತ್ತೆ ನೀರು ನುಗ್ಗದಿದ್ದರೆ ತಾನೇ ಕಟ್ಟಿಕೊಂಡೀತು?

ಆದರೆ ಗವಸಿಗೂ ತನ್ನದೇ ದೋಷವುಂಟು. ಹಳೆಯ ಗವಸು ರಬ್ಬರ್ ಮರದ ಹಾಲಿನದು. ನಮ್ಮ ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಇಳಿಸುವ ಹಾಲೂ ಅಂಥದ್ದೇ. 1980ರ ದಶಕದಲ್ಲಿ ಏಡ್ಸ್ ಭಯದಿಂದ ಆಸ್ಪತ್ರೆಗಳಲ್ಲಿ ಗವಸಿನ ಬಳಕೆ ಬಹಳ ಹೆಚ್ಚಿತು. ಆಗ ಎಷ್ಟೋ ದಾದಿಯರಿಗೆ ಗವಸಿನಿಂದಲೇ ನವೆ, ಕೆಲವರಿಗೆ ಉಬ್ಬಸ. ಆ ಹಾಲಿನ ಪ್ರೋಟೀನು ಅವರ ಮೈಗೆ ಒಗ್ಗಲಿಲ್ಲ; ಗವಸಿನೊಳಗಿನ ಪುಡಿ ಅದನ್ನು ಗಾಳಿಗೂ ಹರಡಿತು. ಅಮೆರಿಕ ಸರ್ಕಾರ 2017ರ ಜನವರಿಯಿಂದ ಆಸ್ಪತ್ರೆಗಳಲ್ಲಿ ಪುಡಿ ಹಾಕಿದ ಗವಸನ್ನು ನಿಷೇಧಿಸಿತು.

ನೈಟ್ರೈಲ್ ಎಂಬ ಕೃತಕ ರಬ್ಬರಿನಲ್ಲಿ ಆ ಪ್ರೋಟೀನು ಇಲ್ಲ. ಆದರೂ ರಬ್ಬರ್ ಗಟ್ಟಿಮಾಡಲು ಬೆರೆಸುವ ರಾಸಾಯನಿಕ ಕೆಲವರಿಗೆ ಆಗದು. ಮೇಲಾಗಿ ಯಾವ ರಬ್ಬರೇ ಆಗಲಿ, ಒಳಗೆ ಬೆವರು ನಿಲ್ಲುತ್ತದೆ. ನೆನೆದ ಚರ್ಮ ಬೇಗ ಮಾಗದು.

ಹಾಗಾದರೆ ನಾವೇನು ಮಾಡಬೇಕು? ಕೀಟನಾಶಕ ಬೆರೆಸುವಾಗ ದಪ್ಪನೆಯ, ಒಳಗೆ ಬಟ್ಟೆಯಿಲ್ಲದ ನೈಟ್ರೈಲ್ ಗವಸು ಹಾಕಿ. ಬಟ್ಟೆ ಅಥವಾ ಚರ್ಮದ ಗವಸು ಬೇಡವೇ ಬೇಡ. ಅದು ವಿಷ ಹೀರಿ ಕೈಗೇ ಅಂಟಿಸುತ್ತದೆ. ಕೆಲಸ ಮುಗಿದ ಮೇಲೆ ಗವಸಿನ ಹೊರಮೈ ತೊಳೆದು, ಆಮೇಲೆ ಬಿಚ್ಚಿ. ತೂತು ಬಿದ್ದದ್ದನ್ನು ಎಸೆಯಿರಿ.

ತಾಯಂದಿರೇ, ಪಾತ್ರೆ ತೊಳೆಯುವಾಗ ರಬ್ಬರ್ ಗವಸಿನೊಳಗೆ ತೆಳು ಹತ್ತಿ ಗವಸು ಹಾಕಿಕೊಳ್ಳಿ. ಅದು ಬೆವರು ಹೀರುತ್ತದೆ. ಒದ್ದೆಯಾದರೆ ಬದಲಾಯಿಸಿ. ಕೆಲಸವಾದೊಡನೆ ಬಿಚ್ಚಿ, ಕೈ ಒರೆಸಿ, ವ್ಯಾಸಲೀನ್ ಸವರಿ. ಗವಸು ಹಾಕಿದರೇ ನವೆ ಹೆಚ್ಚಿದರೆ, ಅಥವಾ ಗಾಯದಲ್ಲಿ ಕೀವು ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ.

ನೇಗಿಲಿಗೆ ಗುಳ ಹಾಕಿಸುತ್ತೇವೆ, ಎತ್ತಿಗೆ ಲಾಳ ಕಟ್ಟಿಸುತ್ತೇವೆ. ದುಡಿಯುವ ಕೈಗೂ ಅಷ್ಟು ಜೋಪಾನ ಬೇಡವೆ?