ನಳಕಾಸ್ಥಿ
'ನಳಕ' ಎಂದರೆ ಕೊಳವೆಯಂಥದ್ದು. ಎಲುಬುಗಳನ್ನು ಐದು ಬಗೆಯಾಗಿ ವಿಂಗಡಿಸುವ ಸುಶ್ರುತ ಸಂಹಿತೆ ಕೈಕಾಲಿನ ಉದ್ದೆಲುಬುಗಳಿಗೆ ಇಟ್ಟ ಹೆಸರಿದು. ಮೊಣಕಾಲಿನ ಕೆಳಗಿನ ದೊಡ್ಡ ನಳಕವನ್ನು ವೈದ್ಯರು 'ಟಿಬಿಯಾ' ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಕೊಳಲು ಎಂಬ ಅರ್ಥವೂ ಉಂಟು. ಎಷ್ಟು ಚೆಂದದ ಹೋಲಿಕೆ!

ಟಿಬಿಯಾದ ಮುಂದಿನ ಒಳಮಗ್ಗುಲಿಗೆ ಮಾಂಸದ ಹೊದಿಕೆಯಿಲ್ಲ, ಬರೀ ತೊಗಲು. ಅದಕ್ಕೇ ಮುರಿದಾಗ ತೊಗಲು ಹರಿದು ಎಲುಬು ಹೊರಬೀಳುವುದು ಹೆಚ್ಚು. ಮಣ್ಣು, ನಂಜು ಒಳಸೇರುತ್ತವೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬೈಕಿನಿಂದ ಬಿದ್ದವರು ನಾಟಿ ಪಟ್ಟಿಗೆ ಅಲೆಯದೆ, 2015ರಲ್ಲಿ ಶುರುವಾದ ಗದಗಿನ ವೈದ್ಯಕೀಯ ಕಾಲೇಜು ಜಿಮ್ಸ್‌ನಂಥ ದೊಡ್ಡಾಸ್ಪತ್ರೆಗೆ ಬೇಗ ತಲುಪಬೇಕು. ಇಂಥ ಗಾಯವನ್ನು ತೊಳೆದು, ಸತ್ತ ಮಾಂಸ ತೆಗೆದು, ಎಲುಬಿಗೆ ಪಿನ್ನು ತೂರಿಸಿ ಹೊರಗಿನ ರಾಡಿಗೆ ಬಿಗಿಯುತ್ತಾರೆ. ಇದೇ ಎಕ್ಸ್‌ಟರ್ನಲ್ ಫಿಕ್ಸೇಟರ್. ನಳಕ ಅಲುಗದು, ಗಾಯಕ್ಕೆ ಮದ್ದು ಹಾಕಲು ಜಾಗವೂ ಉಳಿಯುತ್ತದೆ. ಪಿನ್ನಿನ ಬುಡವನ್ನು ಶುಚಿಯಾಗಿಡುವ ಹೊಣೆ ಮನೆಯವರದು.