ಜಾಮೀನಿಲ್ಲದವನಿಗೆ ಸರ್ಕಾರದ ಜಾಮೀನು

ಸಣ್ಣ ಕೈಗಾರಿಕೆಗೆ ಕೊಟ್ಟ ಸಾಲ ಮುಳುಗಿದರೆ ಬ್ಯಾಂಕಿಗಾಗುವ ನಷ್ಟದಲ್ಲಿ ಒಂದು ಪಾಲನ್ನು ತಾನು ತುಂಬಿಕೊಡುತ್ತೇನೆ ಎಂದು ಭಾರತ ಸರ್ಕಾರ ಮೊದಲ ಸಲ ಮಾತು ಕೊಟ್ಟದ್ದು 1960ರ ಜುಲೈಯಲ್ಲಿ. ನಡೆಸುವ ಹೊಣೆ ರಿಸರ್ವ್ ಬ್ಯಾಂಕಿನದು. ಆರಂಭದಲ್ಲಿ 22 ಜಿಲ್ಲೆಗಳಿಗಷ್ಟೇ ಇದ್ದ ಈ ಖಾತರಿ ಯೋಜನೆ 1963ರ ಜನವರಿಯಿಂದ ಇಡೀ ದೇಶಕ್ಕೆ ಅನ್ವಯವಾಯಿತು. ಬ್ಯಾಂಕಿನ ಸಾಲ ವಿಭಾಗದಲ್ಲೇ ನೌಕರಿಯ ಬಹುಪಾಲು ಕಳೆದ ನನಗೆ, ಸ್ವತಂತ್ರ ಭಾರತ ಬಡ ಕುಶಲಕರ್ಮಿಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಇದೂ ಒಂದು ಅನ್ನಿಸುತ್ತದೆ. ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಕಥೆ ಮಕ್ಕಳ ಪಠ್ಯದಲ್ಲಿದೆ. ಇದರ ಕಥೆಯನ್ನು ಯಾರೂ ಹೇಳುವುದಿಲ್ಲ.

ಅದಕ್ಕೆ ಮೊದಲು ಹೇಗಿತ್ತು? ಬ್ಯಾಂಕು ಅಂದರೆ ಹತ್ತಿಯ ಮೂಟೆ, ಕಾಫಿ ದಾಸ್ತಾನು, ಚಿನ್ನ, ಕಟ್ಟಡ ಇವುಗಳ ಮೇಲೆ ಸಾಲ ಕೊಡುವ ಜಾಗ. ಕೈಯಲ್ಲಿ ಕಸುಬು ಮಾತ್ರ ಇದ್ದವನು ಹೆಂಡತಿಯ ಸರವನ್ನು ಗಿರವಿ ಅಂಗಡಿಗೆ ಒಯ್ಯಬೇಕಿತ್ತು. 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಹುಟ್ಟಿ, ಕಂತಿನ ಮೇಲೆ ಯಂತ್ರ ಕೊಡತೊಡಗಿತು. ಮರುವರ್ಷ ಸ್ಟೇಟ್ ಬ್ಯಾಂಕು ಕೆಲವೇ ಊರುಗಳಲ್ಲಿ ಸಣ್ಣ ಕೈಗಾರಿಕೆಗೆ ಸಾಲ ಕೊಟ್ಟು ನೋಡುವ ಪ್ರಯೋಗಕ್ಕೆ ಕೈಹಾಕಿತು. ನಮ್ಮಲ್ಲಿ 1959ರಲ್ಲಿ ಮೈಸೂರು ರಾಜ್ಯದ ಹಣಕಾಸು ನಿಗಮ ಬಂತು. ನಾವೆಲ್ಲ ಕೆಎಸ್‌ಎಫ್‌ಸಿ ಅನ್ನುವುದು ಅದನ್ನೇ. ಮರುವರ್ಷ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಬಂತು. ಶೆಡ್ ಕಟ್ಟಿಕೊಡುವುದು ಅದರ ಕೆಲಸ.

ನಾನು ನೌಕರಿಗೆ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಹತ್ತಿರದ ಒಂದು ಶಾಖೆಗೆ. ಎಚ್‌ಎಂಟಿ, ಬಿಇಎಲ್, ಐಟಿಐಗಳಿಂದ ಜಾಬ್‌ವರ್ಕ್ ತಂದು ಬುಷ್, ಪಿನ್ನು, ಬ್ರಾಕೆಟ್ ಮಾಡಿಕೊಡುವವರೇ ನಮ್ಮ ಗಿರಾಕಿಗಳು. ಬಹಳ ಜನ ಆ ಕಾರ್ಖಾನೆಗಳಲ್ಲೇ ಟರ್ನರ್, ಫಿಟ್ಟರ್ ಆಗಿದ್ದು ಹೊರಬಂದವರು. ಎದುರಾಗುತ್ತಿದ್ದ ತೊಡಕು ಯಾವಾಗಲೂ ಒಂದೇ. ಕೆಎಸ್‌ಎಫ್‌ಸಿ ಯಂತ್ರಕ್ಕೆ ಸಾಲ ಕೊಟ್ಟು ಯಂತ್ರವನ್ನು ತನ್ನ ಹೆಸರಿಗೆ ಅಡಮಾನ ಮಾಡಿಸಿಕೊಂಡಿರುತ್ತಿತ್ತು. ಕಬ್ಬಿಣ ಕೊಳ್ಳಲು, ಕೂಲಿ ಬಟವಾಡೆಗೆ ದುಡಿಯುವ ಬಂಡವಾಳ ನಾವು ಕೊಡಬೇಕು. ನಮಗೆ ಹಿಡಿದುಕೊಳ್ಳಲು ಉಳಿಯುತ್ತಿದ್ದದ್ದು ಮೂಲೆಯಲ್ಲಿ ಬಿದ್ದ ಸಲಾಕೆಗಳು, ಅರ್ಧ ಮುಗಿದ ಮಾಲು, ಇನ್ನೂ ಪಾಸಾಗದ ಬಿಲ್ಲು. ಹಳೆಯ ಮ್ಯಾನೇಜರುಗಳು ಆಗ ಕೇಳುತ್ತಿದ್ದ ಮೊದಲ ಪ್ರಶ್ನೆ, "ಮನೆ ಪತ್ರ ಇದೆಯೇನ್ರೀ?"

ಒಬ್ಬ ಟರ್ನರು ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಮರೆತಿಲ್ಲ. "ಮನೆ ಇದ್ದಿದ್ರೆ ಬಾಡಿಗೆ ತಗೊಂಡು ಸುಮ್ನೆ ಕೂತಿರ್ತಿದ್ದೆ ಸಾರ್, ಲೇತ್ ಮುಂದೆ ಯಾಕೆ ನಿಂತಿರ್ತಿದ್ದೆ?"

ಅವನ ಶೆಡ್ಡಿಗೆ ಹೋಗಿದ್ದೆ. ಪಂಜಾಬಿನ ಬಟಾಲದಿಂದ ಬಂದ ಲೇತು, ಅದರ ಹೆಡ್‌ಸ್ಟಾಕಿನ ಮೇಲೆ ಸಾಲ ಕೊಟ್ಟ ಸಂಸ್ಥೆಯ ಹೆಸರು ಬರೆದ ತಗಡಿನ ಪಟ್ಟಿ. ಕೂಲೆಂಟಿನ ಹುಳಿ ವಾಸನೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಚಲನ್‌ಗಳನ್ನು ಒಂದೊಂದಾಗಿ ತೆಗೆದು ತೋರಿಸಿದ. ಪ್ರತಿಯೊಂದರ ಹಿಂದೆಯೂ ಎಷ್ಟು ಪೀಸು ತಿರಸ್ಕಾರವಾಯಿತು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ಯಾರೂ ಕೇಳದಿದ್ದರೂ ತನ್ನ ತಪ್ಪಿನ ಲೆಕ್ಕ ತಾನೇ ಇಡುವವನು ಸಾಲ ತೀರಿಸುತ್ತಾನೆ ಎಂದು ನಾನು ವರದಿ ಬರೆದೆ. ಖಾತರಿ ಯೋಜನೆ ಇಲ್ಲದಿದ್ದರೆ ಆ ವರದಿಗೆ ಕಾಸಿನ ಬೆಲೆ ಇರುತ್ತಿರಲಿಲ್ಲ. ಇದ್ದದ್ದರಿಂದ ಮ್ಯಾನೇಜರ್ ಸಹಿ ಹಾಕಿದರು. ಅವನು ಕಂತು ತಪ್ಪಿಸಲಿಲ್ಲ.

ನಾನು ಸೇರುವುದಕ್ಕೆ ಮೊದಲೇ, 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾಗಿದ್ದವು. ಅವುಗಳಲ್ಲಿ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1971ರಲ್ಲಿ ರಿಸರ್ವ್ ಬ್ಯಾಂಕು ಸಾಲ ಖಾತರಿಗೆಂದೇ ಪ್ರತ್ಯೇಕ ನಿಗಮ ಸ್ಥಾಪಿಸಿತು. ಆಟೋ ಓಡಿಸುವವರು, ಕಿರಾಣಿ ಅಂಗಡಿಯವರು, ಸ್ವಂತ ಉದ್ಯೋಗದವರು ಕೂಡ ಖಾತರಿಯ ನೆರಳಿಗೆ ಬಂದರು. 1978ರಲ್ಲಿ ಆ ಖಾತರಿ ನಿಗಮ ಠೇವಣಿ ವಿಮಾ ನಿಗಮದ ಜೊತೆ ಸೇರಿತು. 1981ರಲ್ಲಿ ಸಣ್ಣ ಕೈಗಾರಿಕೆಯ ಹಳೆಯ ಯೋಜನೆಯೂ ಅದರ ಸುಪರ್ದಿಗೆ ಹೋಯಿತು.

ಆಮೇಲೆ ಬಂದದ್ದು ಸಾಲ ಮೇಳಗಳ ಕಾಲ. ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿಯವರು ಬ್ಯಾಂಕುಗಳನ್ನು ಮೈದಾನಕ್ಕೆ ಕರೆತಂದರು. ಅದನ್ನು ಪೂರ್ತಿ ತೆಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಜನ ಅಂದು ಮೊದಲ ಸಲ ಅಧಿಕಾರಿಯ ಮುಖ ನೋಡಿದರು. ಆದರೆ ನೂರಾರು ಅರ್ಜಿಗಳನ್ನು ಒಂದೇ ದಿನ ಮಂಜೂರು ಮಾಡಿದರೆ ಶೆಡ್ಡು ನೋಡುವವರು ಯಾರು, ಚಲನ್ ತಿರುವುವವರು ಯಾರು? ಮುಂದೆ 1990ರಲ್ಲಿ ರೈತರು, ಕುಶಲಕರ್ಮಿಗಳು, ನೇಕಾರರ 10,000 ರೂಪಾಯಿವರೆಗಿನ ಬಾಕಿ ಮನ್ನಾ ಆಯಿತು. ಪ್ರಾಮಾಣಿಕವಾಗಿ ಕಟ್ಟಿದವರು ಬಂದು, "ಹಾಗಾದ್ರೆ ನಾವು ಕಟ್ಟಿದ್ದು ತಪ್ಪಾ ಸಾರ್?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಖಾತರಿ ನಿಗಮಕ್ಕೆ ಶುಲ್ಕವಾಗಿ ಬರುತ್ತಿದ್ದ ಹಣಕ್ಕಿಂತ ಕ್ಲೇಮುಗಳು ಮೇಲಾದವು. ಶುಲ್ಕ ಏರಿಸಿದರು. ಬ್ಯಾಂಕುಗಳು ಒಂದೊಂದಾಗಿ ಹೊರನಡೆದು, 2003ರ ಹೊತ್ತಿಗೆ ಆ ಯೋಜನೆಯಲ್ಲಿ ಒಂದೂ ಉಳಿಯಲಿಲ್ಲ.

ಅಷ್ಟರಲ್ಲಿ ಹೊಸದು ಬಂದಿತ್ತು. 2000ದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು (ಸಿಡ್ಬಿ) ನಾಲ್ಕಕ್ಕೆ ಒಂದರ ಪಾಲಿನಲ್ಲಿ ಹಣ ಹಾಕಿ ಕಟ್ಟಿದ ಖಾತರಿ ಟ್ರಸ್ಟ್ ಅದು. ಇಂದು ಸಿಜಿಟಿಎಂಎಸ್‌ಇ ಎಂದು ಎಲ್ಲರಿಗೂ ಪರಿಚಯ. ಇದರ ಷರತ್ತೇ ಬೇರೆ: ಆಸ್ತಿಯನ್ನಾಗಲೀ ಮೂರನೆಯವರ ಜಾಮೀನನ್ನಾಗಲೀ ಪಡೆಯದೆ ಕೊಟ್ಟ ಸಾಲಕ್ಕೆ ಖಾತರಿ. ಮಿತಿ ಏರುತ್ತಾ 2023ರಲ್ಲಿ 5 ಕೋಟಿ, 2025ರಲ್ಲಿ 10 ಕೋಟಿ ರೂಪಾಯಿ ಮುಟ್ಟಿದೆ. ನನ್ನ ಕಾಲದ ಸಹೋದ್ಯೋಗಿಗಳು ಇದಕ್ಕೂ ಹೆದರಿದರು. ಸಾಲ ಕೆಟ್ಟರೆ ಟ್ರಸ್ಟು ಬ್ಯಾಂಕಿಗೆ ದುಡ್ಡು ಕೊಡುತ್ತದೆ, ಸಹಿ ಹಾಕಿದ ಅಧಿಕಾರಿಯನ್ನು ವಿಚಾರಣೆಯಿಂದ ಕಾಪಾಡುವುದಿಲ್ಲ. ಹೀಗಾಗಿ ಖಾತರಿ ಇದ್ದರೂ ಮನೆ ಪತ್ರ ಕೇಳುವ ಚಾಳಿ ಹೋಗಲಿಲ್ಲ.

2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ, 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಯೋಜನೆ ಘೋಷಣೆಯಾಯಿತು. ಪೂರ್ತಿ ನೂರಕ್ಕೆ ನೂರು ಖಾತರಿ ಸರ್ಕಾರದ್ದು. ಫೆಬ್ರವರಿ 29ಕ್ಕೆ ಇದ್ದ ಸಾಲದ ಬಾಕಿಯ ಶೇಕಡ 20ರಷ್ಟು ಹೊಸ ಸಾಲ, ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ. ಟ್ರಸ್ಟುಗಳಿಗೂ ಅವಕಾಶವಿತ್ತು. ನಮ್ಮ ಬಡಾವಣೆಯ ಒಂದು ಪುಟ್ಟ ಶಾಲೆಯ ಟ್ರಸ್ಟಿಗೆ ಬಸ್ಸಿನ ಸಾಲ 12 ಲಕ್ಷ ಬಾಕಿ ಇತ್ತು. ಅದರ ಮೇಲೆ ಸಿಕ್ಕ 2 ಲಕ್ಷ 40 ಸಾವಿರದಲ್ಲಿ ಶಿಕ್ಷಕಿಯರ ಸಂಬಳ ನಡೆಯಿತು. ಪಕ್ಕದ ರಸ್ತೆಯಲ್ಲಿ ಅನಾಥ ಮಕ್ಕಳನ್ನು ಸಾಕುವ ಟ್ರಸ್ಟಿಗೆ ಏನೂ ಸಿಗಲಿಲ್ಲ, ಏಕೆಂದರೆ ಅವರು ಎಂದೂ ಸಾಲ ಮಾಡಿದವರಲ್ಲ. ಇದ್ದುದರಲ್ಲೇ ಬಾಳಿದವರನ್ನು ಹೊರಗಿಟ್ಟ ಆ ನಿಯಮ ನನಗೆ ಅನ್ಯಾಯವಾಗಿಯೇ ಕಂಡಿತು, ಈಗಲೂ ಹಾಗೇ ಕಾಣುತ್ತದೆ. ಅದೇ ವರ್ಷ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿಯ ಸ್ವನಿಧಿ ಸಾಲ ಬಂತು. ತಳ್ಳುಗಾಡಿಯವರಿಗೆ ಅಷ್ಟಾದರೂ ಸಿಕ್ಕಿತು.

ಈ ಎಲ್ಲ ಯೋಜನೆಗಳಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಶೆಡ್ಡಿಗೆ ಹೋಗಿ ನಿಂತು ನೋಡುವ ಅಧಿಕಾರಿ. ಅಂಥವರನ್ನು ಈಗ ಬ್ಯಾಂಕುಗಳು ಟಾರ್ಗೆಟ್ ಹೆಸರಲ್ಲಿ ಕಂಪ್ಯೂಟರಿನ ಮುಂದೆ ಕಟ್ಟಿಹಾಕಿವೆ. ಬ್ಯಾಂಕಿನ ಆಡಳಿತದವರು ಅವರನ್ನು ವಾರಕ್ಕೆ ಒಂದು ದಿನವಾದರೂ ಹೊರಗೆ ಕಳುಹಿಸಲಿ.

ಇನ್ನು ಸಾಲ ಕೇಳಹೊರಟವರಿಗೆ ಒಂದು ಮಾತು. ಕಿರು ಮತ್ತು ಸಣ್ಣ ಉದ್ದಿಮೆಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕು ಆಸ್ತಿಯ ಜಾಮೀನು ಪಡೆಯಕೂಡದೆಂದು 2010ರ ಮೇ ತಿಂಗಳಲ್ಲೇ ರಿಸರ್ವ್ ಬ್ಯಾಂಕು ಆದೇಶಿಸಿದೆ. ಮನೆ ಪತ್ರ ತನ್ನಿ ಅಂದರೆ ಆ ಆದೇಶವನ್ನು ನೆನಪಿಸಿ, ಸಾಲ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.